ಬಾಟಲಿ ಹಿಡಿದ ತಾಯಿಯನ್ನು ದೂರುವ ಮುನ್ನ

ಹುಟ್ಟಿದ ಮಗುವಿಗೆ ಹಾಲು ಕುಡಿಯುವುದನ್ನು ಯಾರೂ ಕಲಿಸಬೇಕಾಗಿಲ್ಲವೆಂಬುದು ನಮ್ಮೆಲ್ಲರ ದೃಢವಾದ ನಂಬಿಕೆ. ಮೀನಿನ ಮರಿಗೆ ಈಜು ಕಲಿಸುವವರುಂಟೆ ಎಂದು ಹಿರಿಯರು ಕೇಳುವುದುಂಟು. ಬಹುತೇಕ ಶಿಶುಗಳ ವಿಷಯದಲ್ಲಿ ಈ ನಂಬಿಕೆ ನಿಜವೂ ಹೌದು. ಆದುದರಿಂದಲೇ ಒಂದು ಶಿಶು ಹಾಲನ್ನು ಎಳೆಯಲಾರದೆ ಹೋದಾಗ, ಎರಡು ಗುಟುಕು ಕುಡಿದು ನಿದ್ರೆಗೆ ಜಾರಿದಾಗ, ಬಾಯಿಗೆ ಬಂದದ್ದೆಲ್ಲ ತುಟಿಯ ಅಂಚಿನಿಂದ ಸೋರಿಹೋದಾಗ, ಮನೆಯವರ ಕಣ್ಣು ಮೊದಲು ಹೊರಳುವುದು ತಾಯಿಯ ಕಡೆಗೆ. ಅವಳಿಗೆ ಹಾಲಿಲ್ಲ, ಅವಳಿಗೆ ಮಗುವನ್ನು ಹಿಡಿಯಲು ತಿಳಿಯದು, ಅವಳಿಗೆ ತಾಳ್ಮೆಯಿಲ್ಲ ಎಂಬ ತೀರ್ಪುಗಳು ಒಂದರ ಹಿಂದೊಂದು ಹೊರಬೀಳುತ್ತವೆ. ಡೌನ್ ಸಿಂಡ್ರೋಮ್ ಇರುವ ಮಗುವನ್ನು ಹೆತ್ತ ತಾಯಿಯಾದರೋ ಈಗಾಗಲೇ ಹೊತ್ತಿರುವ ಭಾರದ ಮೇಲೆ ಈ ತೀರ್ಪನ್ನೂ ಹೊರಬೇಕಾಗುತ್ತದೆ. ಕುಂದಾಪುರ, ಬೈಂದೂರು, ಬ್ರಹ್ಮಾವರದ ಕಡೆಯ ಮನೆಗಳಿಗೆ ಭೇಟಿ ನೀಡುವ ಗುರುಗಳ ಕಿವಿಗೆ ಈ ಸಂಕಟ ಬೀಳುವುದು ಚಾವಡಿಯಲ್ಲಲ್ಲ. ಅಡುಗೆಮನೆಯ ಬಾಗಿಲಲ್ಲಿ, ತಗ್ಗಿದ ದನಿಯಲ್ಲಿ. "ಮಗು ಹಾಲ್ ಕುಡಿತಿಲ್ಲೆ ಫಾದರ್, ಎಂತ ಮಾಡೂದಂದೇ ಗೊತ್ತಾತಿಲ್ಲೆ."

ಈ ಮಾತಿಗೆ 'ದೇವರಿದ್ದಾನೆ, ಪ್ರಾರ್ಥಿಸಿರಿ' ಎಂಬ ಒಂದೇ ಉತ್ತರವನ್ನಿತ್ತು ಮನೆಯ ಮೆಟ್ಟಿಲಿಳಿಯುವುದು ಸಾಲದೆಂದು ನನ್ನ ಅಭಿಪ್ರಾಯ. ಪ್ರಾರ್ಥನೆ ಬೇಕು. ಆದರೆ ಆ ಮಗುವಿಗೆ ಮುಂದಿನ ಎರಡು ಗಂಟೆಯೊಳಗೆ ಹಾಲೂ ಬೇಕು.

ಮೊದಲಿಗೆ ಕಾರಣವನ್ನು ತಿಳಿಯೋಣ. ಮನುಷ್ಯದೇಹದ ಜೀವಕೋಶಗಳಲ್ಲಿ ಸಾಮಾನ್ಯವಾಗಿ 23 ಜೊತೆ, ಅಂದರೆ 46 ವರ್ಣತಂತುಗಳಿರುತ್ತವೆ. 21ನೆಯ ವರ್ಣತಂತು ಎರಡರ ಬದಲು ಮೂರಿದ್ದರೆ ಅದು ಡೌನ್ ಸಿಂಡ್ರೋಮ್. ಇಂಗ್ಲೆಂಡಿನ ವೈದ್ಯ ಜಾನ್ ಲ್ಯಾಂಗ್ಡನ್ ಡೌನ್ 1866ರಲ್ಲಿ ಈ ಮಕ್ಕಳ ಲಕ್ಷಣಗಳನ್ನು ವರ್ಣಿಸಿದುದರಿಂದ ಅವರ ಹೆಸರು ಇದಕ್ಕೆ ಅಂಟಿಕೊಂಡಿತು. ಮೂಲ ಕಾರಣ ಬೆಳಕಿಗೆ ಬಂದದ್ದು 1959ರಲ್ಲಿ, ಪ್ಯಾರಿಸಿನಲ್ಲಿ. ಜೆರೋಮ್ ಲೆಜೂನ್ ಅವರ ಹೆಸರು ಕಥೊಲಿಕ ವಾಚಕರಿಗೆ ಪರಿಚಿತ. ಧರ್ಮಸಭೆಯು 2021ರಲ್ಲಿ ಅವರನ್ನು ಪೂಜ್ಯರೆಂದು ಸಾರಿದೆ. ಆದರೆ ಆ ಸಂಶೋಧನೆಗೆ ಜೀವಕೋಶಗಳನ್ನು ಪ್ರಯೋಗಾಲಯದಲ್ಲಿ ಬೆಳೆಸಿಕೊಟ್ಟ ಮಾರ್ಥ್ ಗೋತಿಯೇ ಎಂಬ ವೈದ್ಯೆಯನ್ನು ಮರೆಯುವುದು ನ್ಯಾಯವಲ್ಲ. ವಿಶ್ವಸಂಸ್ಥೆಯ ಅಂದಾಜಿನಂತೆ ಸಾವಿರ, ಸಾವಿರದ ನೂರು ಜನನಗಳಿಗೆ ಒಂದರಂತೆ ಇಂಥ ಮಗು ಹುಟ್ಟುತ್ತದೆ. ಬಹುಪಾಲು ಪ್ರಕರಣಗಳಲ್ಲಿ ಇದು ಜೀವಕೋಶ ವಿಭಜನೆಯ ಹೊತ್ತಿನಲ್ಲಿ ಆಕಸ್ಮಿಕವಾಗಿ ಒದಗುವಂಥದ್ದು. ತಾಯಿಯ ವಯಸ್ಸು ಏರಿದಂತೆ ಸಂಭವವೂ ಏರುತ್ತದೆ ನಿಜ. ಆದರೆ ಎಳೆಯ ತಾಯಂದಿರಿಗೂ ಈ ಮಕ್ಕಳು ಹುಟ್ಟುತ್ತಾರೆ. ಗ್ರಹಣದ ದಿನ ಹೊರಗೆ ಬಂದದ್ದು, ಬಸುರಿಯಲ್ಲಿ ತಿಂದದ್ದು, ಹಿರಿಯರು ಮಾಡಿದ ಪಾಪ, ನಾಗನ ಕೋಪ, ಯಾರದೋ ಕಣ್ಣು—ಇವು ಯಾವುವೂ ಇದಕ್ಕೆ ಕಾರಣವಲ್ಲ. ಕ್ರೈಸ್ತರ ಮನೆಗಳಲ್ಲಿ ಇಂಥ ಮಾತು ಇರುವುದಿಲ್ಲವೆಂದು ಯಾರಾದರೂ ಹೇಳಿದರೆ ನಾನು ನಂಬಲಾರೆ.

ಇನ್ನು ಹಾಲಿನ ವಿಷಯ. ಶಿಶುವು ಹಾಲು ಕುಡಿಯುವುದೆಂದರೆ ಮೂರು ಕೆಲಸಗಳನ್ನು ತಾಳ ತಪ್ಪದೆ ಮಾಡುವುದು: ಎಳೆಯುವುದು, ನುಂಗುವುದು, ಉಸಿರಾಡುವುದು. ತುಟಿಗಳು ಮೊಲೆತೊಟ್ಟನ್ನಾಗಲಿ ರಬ್ಬರಿನ ನಿಪ್ಪಲನ್ನಾಗಲಿ ಸುತ್ತಲೂ ಬಿಗಿಯಾಗಿ ಹಿಡಿಯಬೇಕು. ನಾಲಗೆ ದೋಣಿಯಾಕಾರಕ್ಕೆ ಬಾಗಿ ಹಾಲನ್ನು ಹಿಂದಕ್ಕೊಯ್ಯಬೇಕು. ಹಾಲು ಗಂಟಲಿಗೆ ತಲುಪಿದಾಗ ಶ್ವಾಸನಾಳದ ಬಾಗಿಲು ಮುಚ್ಚಿಕೊಳ್ಳಬೇಕು. ಡೌನ್ ಸಿಂಡ್ರೋಮ್ ಇರುವ ಶಿಶುವಿನ ಸ್ನಾಯುಗಳು ಹುಟ್ಟಿನಿಂದಲೇ ಸಡಿಲ. ಎತ್ತಿಕೊಂಡರೆ ಕೈಯಿಂದ ಜಾರುವ ಹಾಗೆ ಅನ್ನಿಸುವುದು ಇದರಿಂದಲೇ. ತುಟಿ, ಕೆನ್ನೆ, ದವಡೆಗಳೂ ಸಡಿಲವಾದ್ದರಿಂದ ಹಿಡಿತ ಸಿಗುವುದಿಲ್ಲ. ಗಾಳಿ ಒಳಹೊಕ್ಕು ಚಪ್‌ಚಪ್ ಎಂಬ ಸದ್ದು ಬರುತ್ತದೆ, ಹಾಲು ಕೆನ್ನೆಗುಂಟ ಇಳಿಯುತ್ತದೆ. ನಾಲಗೆ ದೊಡ್ಡದೆಂದು ಜನ ಹೇಳುವುದುಂಟು. ಸಾಮಾನ್ಯವಾಗಿ ನಾಲಗೆ ದೊಡ್ಡದಲ್ಲ. ಬಾಯಿಯ ಒಳಾವರಣ ಕಿರಿದು, ನಾಲಗೆ ಸಡಿಲ, ಹೀಗಾಗಿ ಅದು ಮುಂದಕ್ಕೆ ಚಾಚಿ ನಿಪ್ಪಲನ್ನು ಹೊರದಬ್ಬುತ್ತದೆ. ಮಗುವಿಗೆ ಹಾಲು ಬೇಡವಾಗಿದೆಯೆಂದು ಅದನ್ನು ಅರ್ಥೈಸುವುದು ತಪ್ಪು. ಇದರ ಜೊತೆಗೆ ನಿದ್ರೆ. ಈ ಶಿಶುಗಳು ಹಸಿವೆಯಾದರೂ ಅಳದೆ ಮಲಗಿರುವುದುಂಟು. 'ಬಹಳ ಪಾಪದ ಮಗು, ಅಳುವುದೇ ಇಲ್ಲ' ಎಂದು ನೆಂಟರು ಮೆಚ್ಚುತ್ತಿರುವಾಗ ಮಗುವಿನ ತೂಕ ಇಳಿಯುತ್ತಿರುತ್ತದೆ.

ಇನ್ನೊಂದು ಗಂಭೀರವಾದ ಸಂಗತಿ ಹೃದಯಕ್ಕೆ ಸಂಬಂಧಿಸಿದುದು. ಈ ಮಕ್ಕಳಲ್ಲಿ ಸರಿಸುಮಾರು ಅರ್ಧದಷ್ಟು ಮಂದಿಗೆ ಹುಟ್ಟಿನಿಂದ ಹೃದಯದ ದೋಷವಿರುತ್ತದೆ. ಹಾಲು ಕುಡಿಯುವಾಗ ಹಣೆಯಲ್ಲಿ ಬೆವರು, ಏದುಸಿರು, ತುಟಿಯ ಸುತ್ತ ನೀಲಿ ಬಣ್ಣ ಕಂಡರೆ ಅದು ಸೋಮಾರಿತನವಲ್ಲ. ಆ ಪುಟ್ಟ ಹೃದಯಕ್ಕೆ ಹಾಲು ಎಳೆಯುವುದೇ ಗದ್ದೆ ಉತ್ತಷ್ಟು ದುಡಿಮೆಯಾಗಿರಬಹುದು. ವೈದ್ಯರ ಸ್ಟೆತೊಸ್ಕೋಪಿಗೆ ಏನೂ ಕೇಳಿಸದಿದ್ದರೂ ಡೌನ್ ಸಿಂಡ್ರೋಮ್ ಇರುವ ಪ್ರತಿಯೊಂದು ಶಿಶುವಿಗೂ ಹೃದಯದ ಎಕೋ ಪರೀಕ್ಷೆ ಆಗಲೇಬೇಕೆಂಬುದು ಇಂದಿನ ವೈದ್ಯಶಾಸ್ತ್ರದ ಒಮ್ಮತ. ಥೈರಾಯ್ಡ್ ಪರೀಕ್ಷೆಯೂ ಹಾಗೆಯೇ, ಹುಟ್ಟಿದಾಗ ಒಮ್ಮೆ, ಆರನೆಯ ತಿಂಗಳಲ್ಲಿ, ವರ್ಷಕ್ಕೆ, ಆ ಬಳಿಕ ವರ್ಷಂಪ್ರತಿ. ಏಕೆಂದರೆ ಥೈರಾಯ್ಡ್ ಕೊರತೆಯಿದ್ದರೆ ಮಗು ಇನ್ನಷ್ಟು ಮಂಕಾಗುತ್ತದೆ, ಇನ್ನಷ್ಟು ನಿದ್ರಿಸುತ್ತದೆ, ಇನ್ನಷ್ಟು ಕಡಿಮೆ ಕುಡಿಯುತ್ತದೆ. ಕುಡಿದ ಹಾಲು ಹಸಿರು ಬಣ್ಣದ ವಾಂತಿಯಾಗಿ ಹೊರಬಂದರೆ ಒಂದು ಗಂಟೆಯೂ ಕಾಯಬಾರದು; ಕರುಳಿನಲ್ಲಿ ತಡೆ ಇರಬಹುದು.

ಈಗ ಬಾಟಲಿಯ ಮಾತಿಗೆ ಬರುತ್ತೇನೆ. ತಾಯಿಯ ಹಾಲಿಗೆ ಸಮನಾದುದು ಇನ್ನೊಂದಿಲ್ಲ. ಈ ಮಕ್ಕಳಿಗಂತೂ ಸೋಂಕುಗಳನ್ನು ಎದುರಿಸುವ ಶಕ್ತಿ ಕಡಿಮೆಯಾದ್ದರಿಂದ ಅದರ ಅಗತ್ಯ ಇಮ್ಮಡಿ. ಮೊಲೆಯೂಡುವಿಕೆಯೇ ಬಾಯಿಯ ಸ್ನಾಯುಗಳಿಗೆ ವ್ಯಾಯಾಮ. ಮುಂದೆ ಮಾತು ಕಲಿಯಲೂ ಅದು ನೆರವಾಗುತ್ತದೆ. ಡೌನ್ ಸಿಂಡ್ರೋಮ್ ಇದ್ದರೆ ಮೊಲೆಹಾಲು ಸಾಧ್ಯವೇ ಇಲ್ಲವೆಂಬ ಮಾತನ್ನು ಯಾರೂ ನಂಬಬಾರದು. ಅನೇಕ ಶಿಶುಗಳು ಮೊದಲ ದಿನದಿಂದಲೇ ಕುಡಿಯುತ್ತವೆ. ಇನ್ನು ಕೆಲವು ನಾಲ್ಕಾರು ವಾರಗಳ ಬಳಿಕ ಕಲಿಯುತ್ತವೆ. ಹಾಲಿನ ಪುಡಿಯ ಕಂಪೆನಿಗಳ ಆಮಿಷವನ್ನು ತಡೆಯಲು ನಮ್ಮ ದೇಶ 1992ರಲ್ಲಿ ಕಾನೂನು ಮಾಡಿತು. 2003ರಲ್ಲಿ ಅದನ್ನು ಇನ್ನಷ್ಟು ಬಿಗಿಗೊಳಿಸಿತು. ಡಬ್ಬಿಯ ಮೇಲೆ ದುಂಡುಮೈಯ ಮಗುವಿನ ಚಿತ್ರ ಹಾಕುವಂತಿಲ್ಲ, ಬಾಟಲಿಗೆ ಜಾಹೀರಾತು ನೀಡುವಂತಿಲ್ಲ, ಬಾಣಂತಿಯರಿಗೆ ಪುಕ್ಕಟೆ ಮಾದರಿ ಹಂಚುವಂತಿಲ್ಲ. ಒಳ್ಳೆಯ ಕಾನೂನು. ಆದರೆ ಆ ಕಾನೂನು ಕಟ್ಟಿಹಾಕಿದ್ದು ವ್ಯಾಪಾರಿಯ ಕೈಯನ್ನು, ತಾಯಿಯ ಕೈಯನ್ನಲ್ಲ. ಗೋಡೆಗೆ ಅಂಟಿಸಿದ ಬಾಟಲಿ ವಿರೋಧಿ ಚಿತ್ರವನ್ನು ನೋಡಿ ನೋಡಿ ನಮ್ಮ ಜನ ಬಾಟಲಿ ಹಿಡಿದ ಪ್ರತಿಯೊಬ್ಬ ತಾಯಿಯನ್ನೂ ಅಪರಾಧಿಯೆಂದು ಕಾಣತೊಡಗಿದ್ದು ವಿಷಾದದ ಸಂಗತಿ. ವಿಶ್ವ ಆರೋಗ್ಯ ಸಂಸ್ಥೆಯೂ 2018ರಲ್ಲಿ ತನ್ನ ಹತ್ತು ಸೂತ್ರಗಳನ್ನು ತಿದ್ದಿ, ಬಾಟಲಿ ಮತ್ತು ನಿಪ್ಪಲ್ ಬಳಕೆಯ ಅಪಾಯಗಳ ಕುರಿತು ತಾಯಂದಿರಿಗೆ ತಿಳಿವಳಿಕೆ ನೀಡಬೇಕೆಂದು ಹೇಳಿತು. ತಿಳಿವಳಿಕೆ ಬೇರೆ, ತಿರಸ್ಕಾರ ಬೇರೆ.

ಬಾಟಲಿಯೊಳಗೆ ಏನಿದೆ ಎಂಬ ಪ್ರಶ್ನೆಯನ್ನೂ ಬಾಟಲಿ ಏಕೆ ಎಂಬ ಪ್ರಶ್ನೆಯನ್ನೂ ಬೇರ್ಪಡಿಸಿ ನೋಡಬೇಕು. ತಾಯಿ ತನ್ನ ಹಾಲನ್ನೇ ಹಿಂಡಿ ತೆಗೆದು ಬಾಟಲಿಯಲ್ಲಿ ಕೊಡುತ್ತಿರಬಹುದು. ಸ್ವಚ್ಛವಾದ ಪಾತ್ರೆಯಲ್ಲಿ ಹಿಂಡಿಟ್ಟ ಹಾಲು ಹಿತವಾದ ತಂಪಿನಲ್ಲಿ ನಾಲ್ಕು ಗಂಟೆ, ಫ್ರಿಜ್ಜಿನಲ್ಲಿ ನಾಲ್ಕು ದಿನ ಉಳಿಯುತ್ತದೆ. ನಮ್ಮ ಕರಾವಳಿಯ ಸೆಖೆಯಲ್ಲಿ ಹೊರಗಿಟ್ಟದ್ದನ್ನು ಇನ್ನೂ ಬೇಗ ಮುಗಿಸುವುದು ಲೇಸು. ಹಾಲು ಬತ್ತಿದ್ದರೆ, ವೈದ್ಯರು ಪುಡಿಹಾಲು ಕೊಡಲು ಹೇಳಿದ್ದರೆ, ಡಬ್ಬಿಯ ಮೇಲಿನ ಅಳತೆಯನ್ನು ತಪ್ಪದೆ ಪಾಲಿಸಬೇಕು. ಬೆಲೆಗೆ ಹೆದರಿ ನೀರು ಹೆಚ್ಚಿಸಿದರೆ ಹೊಟ್ಟೆ ತುಂಬುತ್ತದೆ, ಮಗು ಬೆಳೆಯದು. ಬೇಗ ದಪ್ಪಗಾಗಲೆಂದು ಬಾಟಲಿಗೆ ರಾಗಿಸರಿಯನ್ನೋ ನೆನೆಸಿದ ಬಿಸ್ಕತ್ತನ್ನೋ ಸೇರಿಸುವುದು ಇನ್ನೂ ಕೆಟ್ಟದ್ದು.

ಈ ಲೇಖನ ಬರೆಯಲು ನನ್ನನ್ನು ಪ್ರೇರೇಪಿಸಿದ್ದು ಸೂಜಿಯ ಸಂಗತಿ ಎಂದರೂ ಸರಿಯೇ. ಮಗು ಎಳೆಯುತ್ತಿಲ್ಲವೆಂದು ಕಂಡಾಗ ಮನೆಯ ಹಿರಿಯರು ಒಂದು ಸೂಜಿಯನ್ನು ದೀಪಕ್ಕೆ ಹಿಡಿದು ಕೆಂಪಗೆ ಕಾಯಿಸಿ ನಿಪ್ಪಲಿನ ತೂತನ್ನು ದೊಡ್ಡದು ಮಾಡುತ್ತಾರೆ; ಕೆಲವರು ಕತ್ತರಿಯಿಂದ ಅಡ್ಡ ಸೀಳುತ್ತಾರೆ. ಪ್ರೀತಿಯಿಂದಲೇ ಮಾಡುತ್ತಾರೆ, ಸಂದೇಹವಿಲ್ಲ. ಹಾಲು ಆಗ ಧಾರಾಳವಾಗಿ ಸುರಿಯುತ್ತದೆ, ಬಾಟಲಿ ಹತ್ತು ನಿಮಿಷದಲ್ಲಿ ಬರಿದಾಗುತ್ತದೆ, ಎಲ್ಲರೂ ನಿಟ್ಟುಸಿರು ಬಿಡುತ್ತಾರೆ. ಆದರೆ ನಿಧಾನವಾಗಿ ನುಂಗುವ ಮಗುವಿನ ಗಂಟಲಿಗೆ ಹಾಲಿನ ಪ್ರವಾಹವನ್ನೇ ಹರಿಸಿದರೆ ಅದು ಅನ್ನನಾಳವನ್ನು ಬಿಟ್ಟು ಶ್ವಾಸನಾಳಕ್ಕೆ ಇಳಿಯುವ ಸಂಭವವಿದೆ. ಬೇರೆ ಮಕ್ಕಳಾದರೆ ಕೆಮ್ಮುತ್ತವೆ. ಡೌನ್ ಸಿಂಡ್ರೋಮ್ ಇರುವ ಕೆಲವು ಶಿಶುಗಳಲ್ಲಿ ಕೆಮ್ಮೇ ಬರುವುದಿಲ್ಲ. ಹಾಲು ಸದ್ದಿಲ್ಲದೆ ಶ್ವಾಸಕೋಶ ಸೇರುತ್ತದೆ. ಮತ್ತೆ ಮತ್ತೆ ನ್ಯುಮೋನಿಯ, ಹಾಲು ಕುಡಿದ ಮೇಲೆ ಗಂಟಲಲ್ಲಿ ಗುಳುಗುಳು ಸದ್ದು, ಕಾರಣ ತಿಳಿಯದ ಜ್ವರ—ಇವುಗಳ ಹಿಂದೆ ಎಷ್ಟೋ ಬಾರಿ ನುಂಗುವಿಕೆಯ ತೊಂದರೆ ಅಡಗಿರುತ್ತದೆ. ಎಕ್ಸ್‌ರೇ ಪರದೆಯ ಮುಂದೆ ಮಗು ನುಂಗುವುದನ್ನು ಚಲನಚಿತ್ರದಂತೆ ನೋಡುವ ಪರೀಕ್ಷೆಯೊಂದಿದೆ. ಅದರಲ್ಲಿ ನಿಜ ಕಾಣುತ್ತದೆ. ಇದೇ ಕಾರಣಕ್ಕೆ ಮಗುವನ್ನು ಚಪ್ಪಟೆಯಾಗಿ ಮಲಗಿಸಿ, ಬಾಟಲಿಯನ್ನು ದಿಂಬಿಗೆ ಆನಿಸಿಟ್ಟು ಹೋಗುವುದೂ ಅಪಾಯ. ಸ್ನಾನ ಮಾಡಿಸುವಾಗ ಮೂಗಿಗೆ ಎಣ್ಣೆ ಬಿಡುವ ಹಳೆಯ ರೂಢಿಯನ್ನಂತೂ ಪೂರ್ಣವಾಗಿ ಕೈಬಿಡಬೇಕು. ಎಣ್ಣೆ ಶ್ವಾಸಕೋಶಕ್ಕಿಳಿದರೆ ಹಾಲಿಗಿಂತ ಹೆಚ್ಚು ಕೇಡು.

ಹಾಗಾದರೆ ಮಾಡಬೇಕಾದುದೇನು? ತಜ್ಞರು ತಾಯಂದಿರಿಗೆ ಕಲಿಸುವ ಕ್ರಮ ಸರಳವಾದುದು, ಆದರೆ ಕಣ್ಣಿಂದ ನೋಡಿ ಕೈಯಿಂದ ಕಲಿಯಬೇಕಾದುದು. ಎರಡು ಮೂರು ಗಂಟೆಗೊಮ್ಮೆ ಮಗುವನ್ನು ತಾವಾಗಿಯೇ ಎಬ್ಬಿಸಬೇಕು. ಬಟ್ಟೆ ಸಡಿಲಿಸಿ ಅಂಗಾಲನ್ನು ಒದ್ದೆ ಬಟ್ಟೆಯಿಂದ ಒರೆಸಿದರೆ ಎಚ್ಚರವಾಗುತ್ತದೆ. ತಲೆ, ಕುತ್ತಿಗೆ, ಬೆನ್ನು ಒಂದೇ ಸಾಲಿನಲ್ಲಿರುವಂತೆ ತೋಳಿನಲ್ಲಿ ಆನಿಸಿ ಸ್ವಲ್ಪ ನೆಟ್ಟಗೆ ಹಿಡಿಯಬೇಕು. ಮೊಲೆಯೂಡುವಾಗ ಮೂರು ಬೆರಳುಗಳಿಂದ ಸ್ತನವನ್ನು ಆಧರಿಸಿ, ಹೆಬ್ಬೆರಳು ತೋರುಬೆರಳುಗಳ ನಡುವೆ ಮಗುವಿನ ಗದ್ದವನ್ನು ಇರಿಸಿ ಕೆನ್ನೆಗಳಿಗೆ ಮೆಲ್ಲನೆ ಆಸರೆ ಕೊಟ್ಟರೆ ಸಡಿಲವಾದ ದವಡೆಗೆ ಬಲ ಬರುತ್ತದೆ. ಬಾಟಲಿಯಾದರೂ ಗದ್ದಕ್ಕೆ ಅದೇ ಆಸರೆ. ನಿಪ್ಪಲ್ ಮೃದುವಾಗಿರಲಿ, ತೂತು ಸಣ್ಣದಿರಲಿ. ನಾಲ್ಕಾರು ಬಾರಿ ಎಳೆದ ಮೇಲೆ ಬಾಟಲಿಯನ್ನು ಕೆಳಕ್ಕೆ ಬಾಗಿಸಿ ಉಸಿರಾಡಲು ಬಿಡುವು ಕೊಡಬೇಕು. ಒಂದು ಹೊತ್ತಿನ ಹಾಲೂಡಿಕೆ ಅರ್ಧ ಗಂಟೆ ಮೀರುತ್ತಿದ್ದರೆ ಕುಡಿದು ಗಳಿಸಿದ್ದನ್ನು ಮಗು ಕುಡಿಯುವ ಶ್ರಮದಲ್ಲೇ ಕಳೆಯುತ್ತದೆ. ಅಂಥಲ್ಲಿ ಉಳಿದ ಪಾಲನ್ನು ಮೂಗಿನ ನಳಿಕೆಯಿಂದ ಕೊಡಲು ವೈದ್ಯರು ಹೇಳಬಹುದು. ನಳಿಕೆ ಕಂಡು ಅಜ್ಜಿಯಂದಿರು ಕಣ್ಣೀರು ಹಾಕುತ್ತಾರೆ. ಅದು ಹೆಚ್ಚಿನವರಿಗೆ ಕೆಲವು ವಾರಗಳ ಊರುಗೋಲು ಮಾತ್ರ.

ನಮ್ಮ ಹಿರಿಯರ ಒಳಲೆಯ ಬಗ್ಗೆಯೂ ಒಂದು ಮಾತು. ಚಿಕ್ಕ ಮೂತಿಯ ಈ ಪಾತ್ರೆ ತೊಳೆಯಲು ಸುಲಭ, ಬಾಟಲಿಯಂತೆ ಮೂಲೆಗಳಲ್ಲಿ ಹಾಲು ಕೊಳೆಯುವುದಿಲ್ಲ. ಇಂದಿನ ಆಸ್ಪತ್ರೆಗಳಲ್ಲೂ ಅವಧಿಗೆ ಮುನ್ನ ಹುಟ್ಟಿದ ಶಿಶುಗಳಿಗೆ ಇದನ್ನು ಬಳಸುವುದು ನಮ್ಮ ಅಜ್ಜಿಯಂದಿರಿಗೆ ಸಂದ ಗೌರವವೇ ಸರಿ. ಆದರೆ ಮಗುವಿನ ಕಾಲ ಮೇಲೆ ಕಾಲಿಟ್ಟು, ಬಾಯಿ ಬಿಡಿಸಿ, ಒಳಲೆಯಿಂದ ಹಾಲು ಹೊಯ್ಯುವ ಹಳೆಯ ಬಲವಂತದ ಕ್ರಮ ಈ ಮಕ್ಕಳಿಗೆ ಸಲ್ಲದು. ಮೂತಿಯನ್ನು ಕೆಳತುಟಿಗೆ ತಾಗಿಸಿ, ಹನಿಹನಿಯಾಗಿ, ನುಂಗಿದ್ದನ್ನು ಕಂಡ ಮೇಲೆಯೇ ಮುಂದಿನ ಹನಿ.

ಇಂಗ್ಲೆಂಡಿನ ಮ್ಯಾಂಡಿ ಹ್ಯಾಬರ್ಮನ್ ಎಂಬ ಮಹಿಳೆಗೆ 1980ರಲ್ಲಿ ಹುಟ್ಟಿದ ಮಗಳಿಗೆ ಬೇರೊಂದು ಜನ್ಮಜಾತ ತೊಂದರೆಯಿಂದ ಹಾಲೆಳೆಯಲು ಆಗುತ್ತಿರಲಿಲ್ಲ. ವಿನ್ಯಾಸಕಲೆ ಬಲ್ಲ ಆ ತಾಯಿ ತಾನೇ ಕುಳಿತು ಒಂದು ಬಾಟಲಿಯನ್ನು ರೂಪಿಸಿದಳು: ಹಾಲು ಹಿಂದಕ್ಕೆ ಹೋಗದಂತೆ ಒಂದು ಕವಾಟ, ಎಳೆಯುವ ಶಕ್ತಿಯಿಲ್ಲದ ಮಗುವಿಗೆ ತಾಯಿಯೇ ಬೆರಳಿನಿಂದ ಮೆಲ್ಲನೆ ಅದುಮಿ ಹಾಲು ನೀಡಬಹುದಾದ ಉದ್ದನೆಯ ನಿಪ್ಪಲ್. ಈಗ ಅದು ಲೋಕದ ಅನೇಕ ಆಸ್ಪತ್ರೆಗಳಲ್ಲಿ ಬಳಕೆಯಲ್ಲಿದೆ. ಬಾಟಲಿಯನ್ನು ತುಚ್ಛವೆಂದು ಕಾಣುವವರು ಇದನ್ನು ನೆನಪಿನಲ್ಲಿಡಬೇಕು. ಅಂಥ ವಿಶೇಷ ಬಾಟಲಿಗಳು ನಮ್ಮ ಪೇಟೆಯ ಅಂಗಡಿಗಳಲ್ಲಿ ಸಿಗದಿರಬಹುದು, ಬೆಲೆಯೂ ಹೆಚ್ಚು. ತಜ್ಞರು ಸೂಚಿಸಿದರೆ ತರಿಸಿಕೊಡುವುದು ಸಂತ ವಿನ್ಸೆಂಟ್ ಪೌಲರ ಸಭೆಗೆ ದೊಡ್ಡ ಹೊರೆಯೇನಲ್ಲ.

ಹೊರೆ ಇರುವುದು ಬೇರೆ ಕಡೆ. ಲೆಕ್ಕ ಹಾಕಿ ನೋಡಿರಿ. ದಿನಕ್ಕೆ ಎಂಟು ಬಾರಿ ಹಾಲು. ಒಂದೊಂದಕ್ಕೆ ಅರ್ಧ ಗಂಟೆಯಾದರೆ ನಾಲ್ಕು ಗಂಟೆ. ಹಾಲು ಹಿಂಡಲು ಪ್ರತಿಸಲ 20 ನಿಮಿಷ. ಎಬ್ಬಿಸಿ ಸಿದ್ಧಪಡಿಸಲು, ತೇಗು ಬರಿಸಿ ಹೆಗಲ ಮೇಲೆ ನೆಟ್ಟಗೆ ಹಿಡಿದುಕೊಳ್ಳಲು ಮತ್ತೆ 20 ನಿಮಿಷ. ಬಾಟಲಿ ತೊಳೆದು ಕುದಿಸಲು 5 ನಿಮಿಷ. ಒಟ್ಟು ಹತ್ತು ಗಂಟೆ. ಇದು ರಾತ್ರಿ ಹಗಲೆನ್ನದೆ, ಭಾನುವಾರವೂ ಇಲ್ಲದೆ, ಹೆರಿಗೆಯ ನೋವು ಇನ್ನೂ ಮಾಗದ ಹೆಣ್ಣುಮಗಳು ಮಾಡುವ ಕೆಲಸ. ಗಂಡ ಕೊಲ್ಲಿ ರಾಷ್ಟ್ರದಲ್ಲೋ ಮುಂಬಯಿಯ ಹೋಟೆಲಿನಲ್ಲೋ ಹಡಗಿನಲ್ಲೋ ಇರುತ್ತಾನೆ. ಹಿರಿಯ ಮಗುವನ್ನು ಶಾಲೆಗೆ ಕಳುಹಿಸಬೇಕು. ಇಂಥವಳಿಗೆ ತಾಳ್ಮೆಯಿಲ್ಲವೆಂದು ಹೇಳುವ ನೆರೆಯವರು ದಿನಕ್ಕೆ ಒಂದು ಹೊತ್ತಿನ ಹಾಲೂಡಿಕೆಯನ್ನು ತಾವು ವಹಿಸಿಕೊಂಡು ಆ ಬಳಿಕ ಮಾತನಾಡಲಿ. ಅಜ್ಜನೂ ಕಲಿಯಬಹುದು, ಚಿಕ್ಕಪ್ಪನೂ ಕಲಿಯಬಹುದು. ಬಾಟಲಿಗೆ ಈ ಒಂದು ಗುಣವಿದೆ, ಅದನ್ನು ಯಾರ ಕೈಯಾದರೂ ಹಿಡಿಯಬಲ್ಲದು.

ನೆರವು ಎಲ್ಲಿದೆ? ಹೆರಿಗೆಯಾಗಿ ಮನೆಗೆ ಬಂದ ಮೇಲೆ ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೆಯ ದಿನಗಳಲ್ಲಿ ಬರಬೇಕೆಂಬ ನಿಯಮವಿದೆ. ಬಾಣಂತಿ ತವರಿಗೆ ಹೋದಾಗ ಈ ಭೇಟಿಗಳು ಕೈತಪ್ಪುತ್ತವೆ. ತವರಿನ ಊರಿನ ಆಶಾಳಿಗೆ ಮೊದಲೇ ತಿಳಿಸುವುದು ಒಳಿತು. ಅವಳು ಮಗುವನ್ನು ತೂಗಿ ನೋಡುತ್ತಾಳೆ. ಎರಡು ವಾರವಾದರೂ ಹುಟ್ಟುತೂಕಕ್ಕೆ ಮರಳದಿದ್ದರೆ, ಮೊದಲ ವಾರದ ನಂತರ ದಿನಕ್ಕೆ ಆರು ಬಾರಿಯಾದರೂ ಬಟ್ಟೆ ಒದ್ದೆಯಾಗದಿದ್ದರೆ, ಕಾಯದೆ ವೈದ್ಯರಲ್ಲಿಗೆ ಹೋಗಬೇಕು. ಡೌನ್ ಸಿಂಡ್ರೋಮ್ ಇರುವ ಮಕ್ಕಳ ಬೆಳವಣಿಗೆಯನ್ನು ಅಳೆಯುವ ಪ್ರತ್ಯೇಕ ನಕ್ಷೆಗಳೂ ಇವೆ. ಅಮೆರಿಕದಲ್ಲಿ 2015ರಲ್ಲಿ ಹೊಸತು ಪ್ರಕಟವಾಯಿತು. ಪಕ್ಕದ ಮನೆಯ ಮಗುವಿನೊಡನೆ ಹೋಲಿಸಿ ಮರುಗುವ ಬದಲು ಅಂಥ ನಕ್ಷೆಯಲ್ಲಿ ಗುರುತು ಹಾಕಿಸಿಕೊಳ್ಳಬಹುದು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಡೌನ್ ಸಿಂಡ್ರೋಮ್ ಮತ್ತು ಜನ್ಮಜಾತ ಹೃದ್ರೋಗ ಎರಡೂ ಸೇರಿವೆ. ಶಸ್ತ್ರಚಿಕಿತ್ಸೆಯ ನೆರವೂ ಅದರ ವ್ಯಾಪ್ತಿಯಲ್ಲಿದೆ. ಅಂಗನವಾಡಿಯ ಅಥವಾ ಪ್ರಾಥಮಿಕ ಆರೋಗ್ಯ ಕೇಂದ್ರದ ಮೂಲಕ ಹೆಸರು ನೋಂದಾಯಿಸದೆ ಅದು ದೊರಕದು. ಮಗುವನ್ನು ಒಳಕೋಣೆಯಲ್ಲಿ ಮುಚ್ಚಿಟ್ಟರೆ ನೋಂದಣಿ ಹೇಗಾದೀತು?

ನುಂಗುವಿಕೆಯನ್ನು ಕಲಿಸುವವರು ವಾಕ್ ಚಿಕಿತ್ಸಕರು ಎಂಬುದೇ ನಮ್ಮಲ್ಲಿ ಅನೇಕರಿಗೆ ಹೊಸ ಸುದ್ದಿ. ಮಾತು ಬಾರದ ಹಸುಳೆಗೆ ವಾಕ್ ಚಿಕಿತ್ಸೆ ಏಕೆಂದು ನಗುವವರಿದ್ದಾರೆ. ಮಾತಾಡುವ ಬಾಯಿಯೂ ನುಂಗುವ ಬಾಯಿಯೂ ಒಂದೇ ಅಲ್ಲವೇ? ಮೈಸೂರಿನಲ್ಲಿ 1965ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿಂದ ಮೊದಲ್ಗೊಂಡು ಈ ವಿದ್ಯೆ ನಮ್ಮ ರಾಜ್ಯದಲ್ಲಿ ಬೆಳೆದಿದೆ. ಮಣಿಪಾಲದಲ್ಲೂ ಮಂಗಳೂರಿನ ಫಾದರ್ ಮುಲ್ಲರ್ ಸಂಸ್ಥೆಯಲ್ಲೂ ಈ ವಿಭಾಗಗಳಿವೆ. ಬ್ರಹ್ಮಾವರದವರಿಗೆ ಮಣಿಪಾಲ ಹತ್ತಿರ. ಬೈಂದೂರಿನಿಂದಾದರೋ ಸುಮಾರು 70 ಕಿಲೋಮೀಟರು; ಶಿರೂರಿನಿಂದ ಇನ್ನೂ ದೂರ. ಹೃದಯದ ತೊಂದರೆಯಿರುವ, ಎರಡು ಗಂಟೆಗೊಮ್ಮೆ ಹಾಲು ಬೇಕಾದ ಶಿಶುವನ್ನು ಎತ್ತಿಕೊಂಡು ಬಸ್ಸು ಬದಲಿಸುತ್ತ ಹೋಗಿ ಬರುವುದೆಂದರೆ ಇಡೀ ದಿನ, ಜೊತೆಗೊಬ್ಬರ ಕೂಲಿಯೂ ಹೋಯಿತು. ವಾಳೆಯ ಗುರಿಕಾರರು ಒಂದು ವಾಹನವನ್ನೂ ಜೊತೆಗೆ ಹೋಗಬಲ್ಲ ಒಬ್ಬ ಮಹಿಳೆಯನ್ನೂ ಗೊತ್ತುಮಾಡಿದರೆ ಅದು ಒಂದು ಉಪವಾಸಕ್ಕಿಂತ ಮೇಲಾದ ತಪಸ್ಸುಕಾಲದ ಸೇವೆಯೆಂದು ಭಾವಿಸುತ್ತೇನೆ. ಆಸ್ಪತ್ರೆಗಳಿಗೂ ಒಂದು ವಿನಂತಿ ಉಂಟು. ಇಂಥ ಮಗುವನ್ನು ಮನೆಗೆ ಕಳುಹಿಸುವ ಮುನ್ನ ಒಬ್ಬ ದಾದಿ ಪಕ್ಕದಲ್ಲಿ ಕುಳಿತು, ಆರಂಭದಿಂದ ಕೊನೆಯವರೆಗೆ, ತಾಯಿ ಹಾಲೂಡುವುದನ್ನು ಒಮ್ಮೆಯಾದರೂ ನೋಡಲಿ. ಚೀಟಿಯಲ್ಲಿ 'ಹಾಲು ಕೊಡಿ' ಎಂದು ಬರೆದ ಮಾತ್ರಕ್ಕೆ ಹಾಲು ಹೊಟ್ಟೆ ಸೇರುವುದಿಲ್ಲ.

ಗುರುಮಠದಲ್ಲಿ ತತ್ವಶಾಸ್ತ್ರ ಓದಿದ ನಮಗೆ ಮನುಷ್ಯನೆಂದರೆ ವಿವೇಕವುಳ್ಳ ಪ್ರಾಣಿ ಎಂಬ ಅರಿಸ್ಟಾಟಲನ ಪರಂಪರೆಯ ವ್ಯಾಖ್ಯೆಯನ್ನು ಮೊದಲ ವರ್ಷವೇ ಬಾಯಿಪಾಠ ಮಾಡಿಸುತ್ತಾರೆ. ಬುದ್ಧಿಬೆಳವಣಿಗೆ ನಿಧಾನವಾದ ಮಗುವಿನ ಮುಂದೆ ಈ ವ್ಯಾಖ್ಯೆಯನ್ನು ಒರಟಾಗಿ ಹಿಡಿದವರು ಇತಿಹಾಸದಲ್ಲಿ ಬಹಳ ಅನ್ಯಾಯ ಮಾಡಿದ್ದಾರೆ. ಸಂತ ಥಾಮಸ್ ಅಕ್ವಿನಾಸರನ್ನು ಆಳವಾಗಿ ಓದಿದ ಅಲಾಸ್ಡೇರ್ ಮ್ಯಾಕಿಂಟೈರ್ ಎಂಬ ತತ್ವಜ್ಞಾನಿ 1999ರಲ್ಲಿ ಪ್ರಕಟಿಸಿದ ಗ್ರಂಥವೊಂದರಲ್ಲಿ ಈ ವ್ಯಾಖ್ಯೆಗೆ ಪರಾವಲಂಬನೆ ಎಂಬ ಇನ್ನೊಂದು ಪದವನ್ನು ಸೇರಿಸಿದರು. ದಾರ್ಶನಿಕರು ಬರೆಯುವಾಗ ಮನುಷ್ಯ ಸದಾ ಆರೋಗ್ಯವಂತ, ಪ್ರಾಯಸ್ಥ, ಸ್ವತಂತ್ರ ಎಂದು ಭಾವಿಸಿಕೊಂಡರು. ಆದರೆ ಬದುಕಿನ ಎರಡು ತುದಿಗಳಲ್ಲಿಯೂ ನಾವು ಇನ್ನೊಬ್ಬರ ಕೈಯಿಂದ ಉಣ್ಣುವವರು ಎಂಬುದು ಅವರ ವಾದದ ತಿರುಳು. ನನಗೆ ಈ ವಾದ ಒಪ್ಪಿಗೆಯಾಗಿದೆ. ಹಾಲೆಳೆಯಲಾರದ ಮಗು ಮನುಷ್ಯಸ್ವಭಾವಕ್ಕೆ ಒಂದು ಅಪವಾದವಲ್ಲ. ಆ ಸ್ವಭಾವ ಅಲ್ಲಿ ಕೊಂಚ ಹೆಚ್ಚು ಸ್ಪಷ್ಟವಾಗಿ ಕಾಣುತ್ತದೆ, ಅಷ್ಟೆ.

ಗರ್ಭದಲ್ಲಿರುವ ಶಿಶುವಿನ ಜೀವದ ಕುರಿತು ನಾವು ಪೀಠದಿಂದ ದೃಢವಾಗಿ ಮಾತನಾಡುತ್ತೇವೆ. ಜಗದ್ಗುರು ಎರಡನೆಯ ಜಾನ್ ಪೌಲರು 1995ರಲ್ಲಿ ಜೀವದ ಶುಭಸಂದೇಶದ ಕುರಿತು ವಿಶ್ವಪತ್ರವನ್ನೇ ಬರೆದರು. 2021ರ ತಿದ್ದುಪಡಿಯ ನಂತರ ನಮ್ಮ ದೇಶದ ಕಾನೂನು ಭ್ರೂಣದಲ್ಲಿ ತೀವ್ರವಾದ ನ್ಯೂನತೆಯಿದೆಯೆಂದು ವೈದ್ಯಮಂಡಳಿ ತೀರ್ಮಾನಿಸಿದರೆ ಗರ್ಭಪಾತಕ್ಕೆ ವಾರಗಳ ಮಿತಿಯನ್ನೇ ತೆಗೆದಿದೆ. ಸ್ಕ್ಯಾನಿಂಗಿನ ವರದಿ ಕೈಯಲ್ಲಿ ಹಿಡಿದು, ನಮ್ಮ ಬೋಧನೆಯನ್ನು ನಂಬಿ, ಅಥವಾ ನಂಬಿಕೆಯ ಮಾತೇನೂ ಇಲ್ಲದೆ ಕೇವಲ ಕರುಳಿನ ಕರೆಗೆ ಓಗೊಟ್ಟು ಮಗುವನ್ನು ಉಳಿಸಿಕೊಂಡ ತಾಯಿಯೊಬ್ಬಳು ನಮ್ಮ ನಡುವೆ ಇದ್ದಾಳೆಂದು ತಿಳಿಯಿರಿ. ಬೆಳಗಿನ ಜಾವ ಮೂರು ಗಂಟೆಗೆ ಅವಳ ಮನೆಯಲ್ಲಿ ದೀಪ ಉರಿಯುತ್ತಿರುವಾಗ ಜೀವಪರವೆಂಬ ಮಾತು ನಮ್ಮ ಬಾಯಲ್ಲಿ ಎಷ್ಟು ತೂಗುತ್ತದೆ? ಅವಳ ಮಗುವಿನ ಶಸ್ತ್ರಚಿಕಿತ್ಸೆಗೆ ಮುಂಚೆ ತೂಕ ಒಂದಿಷ್ಟು ಏರಲಿ ಎಂದು ವೈದ್ಯರು ಹೇಳಿ ಕಳುಹಿಸಿರಬಹುದು. ಆ ಒಂದಿಷ್ಟು ತೂಕ ಏರಬೇಕಾದುದು ಒಂದೊಂದೇ ಗುಟುಕಿನಿಂದ.

ಅಮೆರಿಕದಂಥ ದೇಶದಲ್ಲಿಯೂ 1980ರ ದಶಕದ ಆರಂಭದಲ್ಲಿ ಈ ಜನರ ಸರಾಸರಿ ಆಯುಸ್ಸು 25 ವರ್ಷ. ಈಗ ಅದು 60ರ ಆಸುಪಾಸು. ಬದಲಾದದ್ದು ವರ್ಣತಂತುವಲ್ಲ. ಹೃದಯದ ಶಸ್ತ್ರಚಿಕಿತ್ಸೆ, ಸೋಂಕಿಗೆ ಔಷಧಿ, ಸಂಸ್ಥೆಗಳಲ್ಲಿ ಬಿಟ್ಟುಬಿಡದೆ ಮನೆಯಲ್ಲಿ ಬೆಳೆಸುವ ಕ್ರಮ, ಇವು ಬದಲಾದವು. ಪಾಂಬೂರಿನ ಮಾನಸದಲ್ಲಾಗಲಿ ಮಂಗಳೂರಿನ ಸಂತ ಆ್ಯಗ್ನೆಸ್ ವಿಶೇಷ ಶಾಲೆಯಲ್ಲಾಗಲಿ ನಡೆಯುವ ಕಾರ್ಯಕ್ರಮಗಳಿಗೆ ಒಮ್ಮೆ ಹೋಗಿ ಬನ್ನಿರಿ. ಅಲ್ಲಿ ಕುಣಿಯುವ, ನಗುವ, ಅತಿಥಿಗಳ ಕೈ ಹಿಡಿದೆಳೆಯುವ ಹುಡುಗ ಹುಡುಗಿಯರಲ್ಲಿ ಯಾರು ಯಾರು ಒಂದು ಕಾಲದಲ್ಲಿ ಎರಡು ಚಮಚ ಹಾಲಿಗೆ ಒಂದು ಗಂಟೆ ತೆಗೆದುಕೊಂಡವರೆಂದು ಅವರ ತಾಯಂದಿರನ್ನು ಕೇಳಿ ನೋಡಿ.

ಆರು ತಿಂಗಳಾದ ಮೇಲೆ ಚಮಚದ ಊಟ ಆರಂಭವಾಗುತ್ತದೆ. ಹೊರಚಾಚುವ ನಾಲಗೆ ಗಂಜಿಯನ್ನೂ ಹೊರದಬ್ಬುತ್ತದೆ. ಅದಕ್ಕೆ ಬೇರೆಯೇ ಉಪಾಯಗಳಿವೆ. ಅದನ್ನು ಮುಂದೊಂದು ವಾರ ಬರೆಯೋಣ. ಅಷ್ಟರೊಳಗೆ ನಿಮ್ಮ ವಾಳೆಯಲ್ಲಿ ಇಂಥ ಮಗುವೊಂದಿದ್ದರೆ ಸ್ತ್ರೀ ಸಂಘಟನೆಯ ಇಬ್ಬರು ಸದಸ್ಯೆಯರು ಆ ಮನೆಗೆ ಹೋಗಲಿ, ಬರಿಗೈಯಲ್ಲಿ ಹೋದರೂ ಸರಿಯೇ. ಬಾಟಲಿ ಕುದಿಸುವ ಪಾತ್ರೆ ಎಲ್ಲಿದೆಯೆಂದು ಕೇಳಿದರೆ ಸಾಕು.